ಹೊಸೂರಿನವರಿಗೆ ಬೆಂಗಳೂರು ಕಾಫಿ: ಯಾವ ಹೊತ್ತಿಗೆ ಯಾವ ಅಂಗಡಿ

ಬೊಮ್ಮಸಂದ್ರದ ತನಕ ಮೆಟ್ರೊ ಬಂದ ಮೇಲೆ ಹೊಸೂರಿನ ನಮಗೆ ಬೆಂಗಳೂರಿನ ಕಾಫಿ ಅಂಗಡಿಗಳು ಒಂದು ಬಸ್ಸು, ಒಂದು ರೈಲಿನಷ್ಟು ಹತ್ತಿರವಾಗಿವೆ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಶುರುವಾಗುವ ಮೊದಲು ಸಿಲ್ಕ್ ಬೋರ್ಡ್ ದಾಟುವುದೇ ಒಂದು ಸಾಹಸ. ಬರೀ ಕಾಫಿಗೋಸ್ಕರ ಆ ಸಿಗ್ನಲ್ಲಿಗೆ ಯಾರು ಹೋಗಿ ನಿಲ್ಲುತ್ತಿದ್ದರು? ಈಗ ರಜೆ ಬಂದರೆ ಸಾಕು, "ಬೆಂಗಳೂರಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗತ್ತೆ ಹೇಳಿ" ಎಂದು ಕೇಳುವವರಿದ್ದಾರೆ. ಮೊಬೈಲ್ ತೆಗೆದರೆ ಎಲ್ಲ ಅಂಗಡಿಗೂ ನಾಲ್ಕಕ್ಕಿಂತ ಮೇಲೇ ನಕ್ಷತ್ರ. ಅದರಲ್ಲಿ ಅರ್ಧ ನಕ್ಷತ್ರ ಕುರ್ಚಿಗೆ, ಗೋಡೆಯ ಬಣ್ಣಕ್ಕೆ, ಮೂಲೆಯಲ್ಲಿಟ್ಟ ಗಿಡಕ್ಕೆ ಬಿದ್ದಿರುತ್ತದೆ.

ಅಂಗಡಿಗಳನ್ನು ಹೋಲಿಸಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಲೋಟಕ್ಕೆ ಬಿದ್ದದ್ದು ಎಷ್ಟು ಹಳೆಯದು? ಹಾಲು ಕಾಯಿಸಿ ಎಷ್ಟು ಹೊತ್ತಾಯಿತು, ಡಿಕಾಕ್ಷನ್ ಇಳಿದು ಎಷ್ಟು ಹೊತ್ತಾಯಿತು, ಪುಡಿ ಮಾಡಿ ಎಷ್ಟು ದಿನವಾಯಿತು, ಬೀಜ ಹುರಿದು ಎಷ್ಟು ವಾರವಾಯಿತು. ಈ ನಾಲ್ಕನ್ನೂ ಸರಿಯಾಗಿ ನೋಡಿಕೊಳ್ಳುವ ಅಂಗಡಿ ಅಪರೂಪ. ಒಬ್ಬರು ಹಾಲನ್ನು ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಡಿಕಾಕ್ಷನ್ ನೋಡಿಕೊಳ್ಳುತ್ತಾರೆ, ಮತ್ತೊಬ್ಬರು ಬೀಜ. ನಿಮಗೆ ಯಾವುದು ಮುಖ್ಯ ಅನ್ನುವುದು ಗೊತ್ತಿದ್ದರೆ ಅಂಗಡಿ ಆರಿಸುವುದು ಕಷ್ಟವೇ ಅಲ್ಲ.

ಊರಿನದ್ದನ್ನು ಮೊದಲು ನೋಡೋಣ

ಹೊಸೂರಿನಿಂದ ಕೃಷ್ಣಗಿರಿ ಕಡೆ ಹೆದ್ದಾರಿಯಲ್ಲಿ ಹೊರಟರೆ ಕುಂಭಕೋಣಂ ಡಿಗ್ರಿ ಕಾಫಿ ಎಂದು ಬೋರ್ಡು ಹಾಕಿದ ಅಂಗಡಿಗಳು ಎರಡೂ ಬದಿ ಸಿಗುತ್ತವೆ. ಬೋರ್ಡು ಒಂದೇ ಆದರೂ ಮಾಲೀಕರು ಬೇರೆ ಬೇರೆ. ಕುಂಭಕೋಣಕ್ಕೂ ಅವರಿಗೂ ಏನು ನಂಟು ಎಂದು ಕೇಳಲು ಹೋಗಬೇಡಿ. ಇಲ್ಲಿ ಹಾಲೇ ರಾಜ. ನೀರು ಬೆರೆಸದ ಗಟ್ಟಿ ಹಾಲನ್ನು ಸಣ್ಣ ಪಾತ್ರೆಗಳಲ್ಲಿ ಆಗಾಗ ಕಾಯಿಸುವವನು ಒಳ್ಳೆ ಅಂಗಡಿಯವನು. ದೊಡ್ಡ ಹಂಡೆಯಲ್ಲಿ ಬೆಳಿಗ್ಗೆ ಇಟ್ಟ ಹಾಲನ್ನು ಮಧ್ಯಾಹ್ನದ ತನಕ ಕುದಿಸುತ್ತಲೇ ಇರುವವನ ಕಾಫಿಗೆ ಸುಟ್ಟ ಕೆನೆಯ ವಾಸನೆ ಬರುತ್ತದೆ. ಹಿತ್ತಾಳೆ ಲೋಟ, ಡಬರಾ ಹೊಳೆಯುತ್ತಿರುವುದನ್ನು ನೋಡಿ ಮರುಳಾಗುವ ಮೊದಲು ಒಲೆಯ ಮೇಲಿನ ಪಾತ್ರೆಯ ಅಂಚು ನೋಡಿ. ಅಂಚಿನಲ್ಲಿ ಕಂದು ಪಟ್ಟಿ ಒಂದರ ಮೇಲೊಂದು ಕಟ್ಟಿದ್ದರೆ ಆ ಹಾಲಿಗೆ ಬಹಳ ಹೊತ್ತಾಗಿದೆ ಎಂದೇ ಲೆಕ್ಕ.

ಕೊಬ್ಬಿನ ಲೆಕ್ಕವೂ ಇದೆ. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ. 3 ಕೊಬ್ಬು ಇರಬೇಕು, ಫುಲ್ ಕ್ರೀಮ್‌ನಲ್ಲಿ ಶೇ. 6. ಡಿಕಾಕ್ಷನ್ ಅದೇ ಇರಲಿ, ಈ ಎರಡು ಹಾಲಿನಲ್ಲಿ ಮಾಡಿದ ಕಾಫಿ ಅಕ್ಕತಂಗಿಯರಂತೂ ಅಲ್ಲ. ಹೆದ್ದಾರಿಯ ಒಳ್ಳೆ ಅಂಗಡಿ ಗೆಲ್ಲುವುದು ಇಲ್ಲೇ. ಬೀಜ ಎಲ್ಲಿಯದು, ಯಾವಾಗ ಹುರಿದದ್ದು ಎಂದು ಅಲ್ಲಿ ಕೇಳಿದರೆ ನಿಮ್ಮ ಮುಖ ನೋಡುತ್ತಾರೆ ಅಷ್ಟೇ. ಕೇಳುವ ಅಗತ್ಯವೂ ಇಲ್ಲ. ಚಿಕೋರಿ (ಹುರಿದ ಒಂದು ಬಗೆಯ ಬೇರಿನ ಪುಡಿ) ಹದವಾಗಿ ಬೆರೆತ, ಕಪ್ಪಗೆ ಹುರಿದ ಕಾಫಿಪುಡಿ ಆ ಗಟ್ಟಿ ಹಾಲಿನ ಎದುರು ನಿಲ್ಲುತ್ತದೆ. ನಾಜೂಕಿನ ಬೀಜ ಅಲ್ಲಿ ಮುಳುಗಿ ಹೋಗುತ್ತದೆ. "ಅಣ್ಣಾ, ರೆಂಡು ಕಾಪಿ, ಒಣ್ಣು ಸ್ಟ್ರಾಂಗ್" ಎಂದು ತಮಿಳಿನಲ್ಲಿ ಹೇಳಿ, ಲೆಕ್ಕ ತೆಲುಗಿನಲ್ಲಿ ಮಾಡಿ, ಮನೆಯವರ ಹತ್ತಿರ ಕನ್ನಡದಲ್ಲಿ "ಸಕ್ಕರೆ ಜಾಸ್ತಿಯಾಯ್ತು" ಎಂದು ಗೊಣಗುವುದು ನಮ್ಮೂರಿನ ಪದ್ಧತಿ. ಸಕ್ಕರೆ ಸಾಮಾನ್ಯವಾಗಿ ಲೋಟದ ತಳದಲ್ಲೇ ಇರುತ್ತದೆ. ಕಮ್ಮಿ ಬೇಕಿದ್ದರೆ ಡಬರಾಕ್ಕೆ ಪೂರ್ತಿ ಸುರಿದು ಆಡಿಸಬೇಡಿ, ಮೇಲಿನಿಂದ ಕುಡಿಯುತ್ತಾ ಬನ್ನಿ.

ನನ್ನ ಮಾತು ಸ್ಪಷ್ಟ: ನಿಮಗೆ ಬೇಕಾದದ್ದು ಹಾಲಿನ ಕಾಫಿಯೇ ಆಗಿದ್ದರೆ, ಅತ್ತಿಬೆಲೆ ಗಡಿ ದಾಟುವ ಮೊದಲೇ ನಿಮ್ಮ ಕೆಲಸ ಮುಗಿಯಿತು. ಬೆಂಗಳೂರಿಗೆ ಹೋಗಿ ಹೆಚ್ಚು ದುಡ್ಡು ಕೊಟ್ಟು ಅದಕ್ಕಿಂತ ತೆಳುವಾದದ್ದನ್ನು ಕುಡಿಯಬೇಡಿ.

ದರ್ಶಿನಿ: ಹೋಗುವ ಹೊತ್ತೇ ಎಲ್ಲ

ದರ್ಶಿನಿ ಎಂದರೆ ನಿಂತು ತಿಂದು, ಕುಡಿದು ಹೊರಡುವ ಹೋಟೆಲು; ಬೆಂಗಳೂರಿನಲ್ಲಿ ಈ ಪದ್ಧತಿ 1980ರ ದಶಕದಲ್ಲಿ ಜಯನಗರದ ಕಡೆಯಿಂದ ಹಬ್ಬಿದ್ದು. ಅದಕ್ಕೂ ಹಿಂದಿನ ಹಳೆಯ ಹೋಟೆಲುಗಳು ಬಸವನಗುಡಿ ಸುತ್ತಮುತ್ತ ಇವೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ನಮಗೆ ದಾರಿಯೂ ಸಲೀಸು: ಬೊಮ್ಮಸಂದ್ರದಲ್ಲಿ ಹತ್ತಿ ಆರ್.ವಿ. ರೋಡಿನಲ್ಲಿ ಇಳಿದು, ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಎರಡಕ್ಕೂ ನಡೆದೇ ಹೋಗಬಹುದು. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ನೆನಪಿರಲಿ. ಅಲ್ಲಿ ಜನ ಸಾಲು ನಿಲ್ಲುವುದು ದೋಸೆಗೆ. ಕಾಫಿ ಚೆನ್ನಾಗಿದೆ, ಆದರೆ ಬರೀ ಕಾಫಿಗೆಂದು ಆ ಸಾಲಿನಲ್ಲಿ ನಿಲ್ಲುವುದು ನನ್ನ ಕೈಲಾಗದ ಮಾತು. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆಗೆ ಚಟ್ನಿ ಮಾತ್ರ, ಸಾಂಬಾರ್ ಇಲ್ಲ. ರಸ್ತೆ ಬದಿಯಲ್ಲಿ ನಿಂತು ಕಾಫಿ ಮುಗಿಸಿ ಹೊರಡುವುದು. ಸಣ್ಣ ಜಾಗ, ಬಂದು ಹೋಗುವ ಜನ ಜಾಸ್ತಿ, ಹಾಗಾಗಿ ಡಿಕಾಕ್ಷನ್‌ಗೆ ಹಳತಾಗಲು ಪುರಸೊತ್ತೇ ಇಲ್ಲ.

ಹೆಸರು ಇರಲಿ, ಇಲ್ಲದಿರಲಿ, ದರ್ಶಿನಿಯ ಕಾಫಿ ಕೌಂಟರಿನ ಮುಂದೆ ಎರಡು ನಿಮಿಷ ನಿಂತು ನೋಡಿದರೆ ಎಲ್ಲ ಗೊತ್ತಾಗುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಕಾಫಿ ಮಾಡುವವನು ಲೋಟಗಳನ್ನು ಅಂಟಂಟಿಸಿ ಸಾಲಾಗಿ ಜೋಡಿಸುತ್ತಾನೆ. ಸಕ್ಕರೆ ಬಿದ್ದಾಗಿದೆ. ಡಿಕಾಕ್ಷನ್ ಜಗ್ಗನ್ನು ಸಾಲಿನ ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆಯುತ್ತಾನೆ, ಕೈ ನಿಲ್ಲುವುದಿಲ್ಲ, ಆದರೂ ಎಲ್ಲ ಲೋಟದಲ್ಲೂ ಬೆರಳಿನಷ್ಟೇ ಎತ್ತರ. ಹಿಂದೆಯೇ ಹಾಲು, ಮೇಲಿನಿಂದ, ನೊರೆ ಏಳುವ ಹಾಗೆ. ಡಿಕಾಕ್ಷನ್ ಬೀಳುವಾಗ ಲೋಟದ ಗೋಡೆಗೆ ಎಣ್ಣೆಯ ಹಾಗೆ ಹತ್ತಿ ನಿಧಾನ ಇಳಿದರೆ ಈಗಷ್ಟೇ ಇಳಿಸಿದ ಮೊದಲ ಡಿಕಾಕ್ಷನ್ ಇರಬೇಕು. ನೀರಿನ ಹಾಗೆ ಸರ್ರನೆ ಇಳಿದರೆ ಅದೇ ಪುಡಿಯ ಮೇಲೆ ಮತ್ತೆ ನೀರು ಹಾಕಿ ತೆಗೆದದ್ದು.

ಅದೇ ಅಂಗಡಿಗೆ ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ. ಜನವಿಲ್ಲ. ಹನ್ನೊಂದಕ್ಕೆ ಇಳಿಸಿದ ಡಿಕಾಕ್ಷನ್ ಬಿಸಿನೀರಿನ ತೊಟ್ಟಿಯಲ್ಲಿ ಕೂತು ಕಹಿಯಾಗಿರುತ್ತದೆ. ಚಿಕೋರಿ ಜಾಸ್ತಿ ಇದ್ದರೆ ಆ ಕಹಿ ಬೇಗ ತಿಳಿಯುವುದಿಲ್ಲ, ಅದಕ್ಕೇ ಕೆಲವರಿಗೆ ಅದರ ಮೇಲೆ ಅಷ್ಟು ಪ್ರೀತಿ. ಹಾಗಾಗಿ ದರ್ಶಿನಿಗೆ ಬೆಳಿಗ್ಗೆ ಏಳರಿಂದ ಒಂಬತ್ತು, ಇಲ್ಲವೇ ಸಂಜೆ ನಾಲ್ಕೂವರೆಯಿಂದ ಆರು. ಉಳಿದ ಹೊತ್ತಿನಲ್ಲಿ ಅಲ್ಲಿ ಟೀ ಕುಡಿಯುವುದೇ ಲೇಸು.

ಕೂತು ಮಾತಾಡಬೇಕಿದ್ದರೆ

ಇದು ಬೇರೆಯದೇ ಲೆಕ್ಕ. ಇಲ್ಲಿ ನೀವು ಕೊಳ್ಳುವುದು ಕುರ್ಚಿಯನ್ನು. ಕಾಫಿ ಅದರ ಬಾಡಿಗೆ. ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಇದಕ್ಕೆ ಈಗಲೂ ಒಳ್ಳೆಯ ಜಾಗ. ಕಾಫಿ ಹೌಸುಗಳು 1936ರಲ್ಲಿ ಬೊಂಬಾಯಿಯಲ್ಲಿ ಶುರುವಾದವು. 1950ರ ದಶಕದಲ್ಲಿ ಸರ್ಕಾರದ ಕಾಫಿ ಬೋರ್ಡ್ ಅವನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ. ಎಂ.ಜಿ. ರೋಡಿನಲ್ಲಿದ್ದ ಹಳೆಯದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಬಡಿಸುವವರೇ ಯಜಮಾನರಾದ ಕಾಫಿ ಅಂಗಡಿ ಇದು. ಕಾಫಿ ಅಂಥ ಮಹಾ ಅಲ್ಲ, ತಕರಾರೂ ಇಲ್ಲ. ಒಂದು ಲೋಟ ಇಟ್ಟುಕೊಂಡು ಎಷ್ಟು ಹೊತ್ತು ಕೂತರೂ ಏಳಿ ಎನ್ನುವವರಿಲ್ಲ. ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲಿನ ಮರದಡಿಯೂ ಹೀಗೇ. ಮಕ್ಕಳಿದ್ದರೆ ಅದೇ ವಾಸಿ.

ಬೀಜ ಹುರಿಯುವವರ ಅಂಗಡಿ

ಈಗ ಜನ ಕೇಳುವುದು ಇದನ್ನೇ. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್, ಇಂದಿರಾನಗರದಲ್ಲಿ ಸಂದಿಗೊಂದಿಯಲ್ಲೂ ಹೊಸ ಕೆಫೆ. ಮೊದಲೆರಡಕ್ಕೆ ಹಳದಿ ಮಾರ್ಗದ ಸಿಲ್ಕ್ ಬೋರ್ಡ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಬೇಕು. ಇಂದಿರಾನಗರಕ್ಕೆ ಮೆಜೆಸ್ಟಿಕ್ ಮೂಲಕ ನೇರಳೆ ಮಾರ್ಗ, ಸುತ್ತು. ಹಾಲಿನ ಕಾಫಿಯಲ್ಲಿ ಬೆಳೆದ ನಮಗೆ ಇಲ್ಲಿ ಮೋಸ ಹೋಗುವ ಸಾಧ್ಯತೆಯೂ ಜಾಸ್ತಿ, ಖುಷಿಪಡುವ ಸಾಧ್ಯತೆಯೂ ಜಾಸ್ತಿ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇವರ ಹೆಚ್ಚುಗಾರಿಕೆ ಇರುವುದು ಬೀಜದ ವಯಸ್ಸಿನಲ್ಲಿ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳದ್ದು. ತಮಿಳುನಾಡಿನಲ್ಲೂ ನೀಲಗಿರಿ, ಪಳನಿ ಬೆಟ್ಟ, ನಮಗೆ ಹತ್ತಿರದ ಯೇರ್ಕಾಡ್ ಇವೆ. ಇಲ್ಲಿ ಬೆಳೆಯುವ ಎರಡು ಜಾತಿಗಳಲ್ಲಿ ನಾಜೂಕು ರುಚಿಯ ಅರೇಬಿಕಾ ಕೊಯ್ಲು ಹೆಚ್ಚಾಗಿ ನವೆಂಬರಿನಿಂದ ಜನವರಿ, ಕಹಿ ಜಾಸ್ತಿಯಿರುವ ರೋಬಸ್ಟಾ ಆಮೇಲೆ. ಒಣಗಿಸಿ, ಸಂಸ್ಕರಿಸಿ ಅಂಗಡಿಗೆ ಬರುವಾಗ ಬೇಸಿಗೆ. ಒಳ್ಳೆ ಅಂಗಡಿಯ ಪೊಟ್ಟಣದ ಮೇಲೆ ತೋಟದ ಹೆಸರು, ತಳಿ, ಸಂಸ್ಕರಣೆ (ಹಣ್ಣಿನಿಂದ ಬೀಜ ಬಿಡಿಸಿ ಒಣಗಿಸಿದ ರೀತಿ) ಮತ್ತು ಹುರಿದ ತಾರೀಖು, ಈ ನಾಲ್ಕೂ ಇರುತ್ತವೆ. ಸಕಲೇಶಪುರದ ಕಡೆಯ ರತ್ನಗಿರಿ, ಚಿಕ್ಕಮಗಳೂರಿನ ಕೆರೆಹಕ್ಲು, ಯೇರ್ಕಾಡಿನ ರಿವರ್‌ಡೇಲ್, ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್ ಇಂಥ ಹೆಸರು ಕಾಣಿಸಬಹುದು. ತಳಿಯ ಜಾಗದಲ್ಲಿ ಎಸ್ 795 ಎಂದಿದ್ದರೆ ಅದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದದ್ದು, ನಮ್ಮ ಕಡೆಯ ತೋಟಗಳಲ್ಲಿ ತುಂಬ ಹಳೆಯ ಪರಿಚಯ.

ನಾಲ್ಕರಲ್ಲಿ ತಾರೀಖು ಬಹಳ ಮುಖ್ಯ. ಹುರಿದ ಬೀಜದೊಳಗಿನ ಅನಿಲ ಮೊದಲ ಕೆಲವು ದಿನ ಹೊರಬರುತ್ತಿರುತ್ತದೆ. ಎಸ್ಪ್ರೆಸೊಗೆ (ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿಗೆ) ಒಂದು ವಾರ ಬಿಟ್ಟು, ಒಂದು ಒಂದೂವರೆ ತಿಂಗಳೊಳಗೆ ಬಳಸಿದರೆ ಚೆಂದ. ಪುಡಿ ಮಾಡಿದ ಮೇಲೆ ಲೆಕ್ಕ ದಿನಗಳಲ್ಲ, ಗಂಟೆಗಳಲ್ಲಿ. ಕೌಂಟರಿನಲ್ಲಿ "ಇದನ್ನ ಯಾವಾಗ ಹುರಿದಿದ್ದು?" ಎಂದು ಕೇಳಿ. ಉತ್ತರ ಥಟ್ಟನೆ ಬಂದರೆ ಕೂತುಕೊಳ್ಳಿ. ಕೋರಮಂಗಲದ ಒಂದು ಕಡೆ ನಾನು ಕೇಳಿದಾಗ ಹುಡುಗ "ಫ್ರೆಶ್ ಸರ್" ಅಂದ. ಪೊಟ್ಟಣ ತಿರುಗಿಸಿ ನೋಡಿದರೆ ಪ್ಯಾಕಿಂಗ್ ತಿಂಗಳು ಇದೆ, ಹುರಿದ ತಾರೀಖೇ ಇಲ್ಲ. ಗೋಡೆಯ ಮೇಲೆ ಮಾತ್ರ ಕಾಫಿ ಗಿಡದ ದೊಡ್ಡ ಚಿತ್ರ.

ಏನು ಆರ್ಡರ್ ಮಾಡಬೇಕು ಅನ್ನುವುದು ಮುಂದಿನ ಪ್ರಶ್ನೆ. ಹಾಲು ಬೇಡ ಅನ್ನುವ ಧೈರ್ಯವಿದ್ದರೆ ಪೋರ್‌ಓವರ್, ಅಂದರೆ ಶೋಧಕದಲ್ಲಿಟ್ಟ ಪುಡಿಯ ಮೇಲೆ ಬಿಸಿನೀರನ್ನು ಕೈಯಾರೆ ಸುರಿದು ಇಳಿಸುವ ಕಾಫಿ. ಸುಮಾರು 15 ಗ್ರಾಂ ಪುಡಿ, 250 ಮಿಲಿ ನೀರು, ಕುದಿಯುವುದಕ್ಕಿಂತ ಒಂದು ಕೈ ಕಮ್ಮಿ ಬಿಸಿ. ಮೊದಲು ಪುಡಿ ನೆನೆಯುವಷ್ಟೇ ನೀರು ಬಿಟ್ಟು ಅರ್ಧ ನಿಮಿಷ ಕಾಯುತ್ತಾರೆ. ಆಗ ಪುಡಿಯ ಗುಡ್ಡ ಉಬ್ಬಿ, ಮೇಲೆ ಸಣ್ಣ ಗುಳ್ಳೆಗಳು ಬಿರಿಯಬೇಕು. ಇದನ್ನು ಎದುರಿಗೇ ಮಾಡುವುದರಿಂದ ನೀವೇ ನೋಡಬಹುದು: ಪುಡಿ ಉಬ್ಬದೆ ಕೆಸರಿನ ಹಾಗೆ ಮಲಗಿಬಿಟ್ಟರೆ ಬೀಜ ಹಳತು, ಅಂಗಡಿಯವರು ಏನೇ ಹೇಳಲಿ. ಬೀಜವನ್ನು ನೀವು ಕೇಳಿದ ಮೇಲೆ ತೂಗಿ ಪುಡಿ ಮಾಡಿದರೋ, ಡಬ್ಬಿಯಿಂದ ಚಮಚದಲ್ಲಿ ತೆಗೆದರೋ ಅದನ್ನೂ ಗಮನಿಸಿ.

ಬಾಯಿಗಿಟ್ಟ ತಕ್ಷಣ ನಮ್ಮವರು ಹೇಳುವ ಮಾತು "ಹುಳಿಯಾಗಿದೆ". ಇರುತ್ತದೆ. ಕಡಿಮೆ ಹುರಿದ ಅರೇಬಿಕಾದಲ್ಲಿ ಹಣ್ಣಿನ ಹುಳಿ ಉಳಿದಿರುತ್ತದೆ, ಅದು ಕೆಟ್ಟ ಲಕ್ಷಣವಲ್ಲ. ಆದರೆ ಸರಿಯಾಗಿ ಇಳಿಸದ ಕಾಫಿಯೂ ಹುಳಿಯೇ. ಒಳ್ಳೆ ಹುಳಿಯ ಹಿಂದೆ ಸಿಹಿ ಬರುತ್ತದೆ, ಕಾಫಿ ತಣಿದಷ್ಟೂ ರುಚಿ ಬಿಡಿಸಿಕೊಳ್ಳುತ್ತದೆ. ಕೆಟ್ಟದ್ದು ತೆಳು, ನಾಲಿಗೆಯ ಅಂಚು ಹಿಂಡಿದ ಹಾಗಾಗುತ್ತದೆ, ತಣಿದರೆ ಕುಡಿಯಲಾಗುವುದಿಲ್ಲ. ಎರಡನೆಯದು ಬಂದರೆ ಸಂಕೋಚ ಬಿಟ್ಟು ಹೇಳಿ. ದೊಡ್ಡ ಕಂಪನಿಯದಲ್ಲದ, ಸ್ವಂತ ಅಂಗಡಿಯವರಾದರೆ ಇನ್ನೊಂದು ಮಾಡಿಕೊಡುತ್ತಾರೆ.

ಹಾಲು ಬೇಕೇ ಬೇಕು ಅನ್ನುವವರು ಫ್ಲಾಟ್ ವೈಟ್ ಅಥವಾ ಕೊರ್ಟಾಡೊ ಕೇಳಿ; ಹಾಲು ಕಮ್ಮಿ, ಕಾಫಿ ಮುಂದೆ ನಿಲ್ಲುತ್ತದೆ. ಹಾಲೇ ತುಂಬಿದ ದೊಡ್ಡ ಲಾಟೆಯಲ್ಲಿ ತೋಟದ ಹೆಸರು ಹುಡುಕಿದರೆ ಸಿಗುವುದು ಹಾಲಿನ ಡೈರಿ ಮಾತ್ರ. ಇಂಥ ಕಡೆ ಮೆನುವಿನಲ್ಲಿ ಫಿಲ್ಟರ್ ಕಾಫಿಯೂ ಇರುತ್ತದೆ, ದರ್ಶಿನಿಯ ಐದಾರು ಪಟ್ಟು ಬೆಲೆಗೆ. ಅದನ್ನು ತಗೊಳ್ಳಬೇಡಿ. ಅಪ್ಪ ಅಮ್ಮನನ್ನು ಸಮಾಧಾನ ಮಾಡಲು ಇಟ್ಟ ಐಟಂ ಅದು, ಮಾಡುವವರಿಗೂ ಅದರಲ್ಲಿ ಮನಸ್ಸಿರುವುದಿಲ್ಲ.

ಹೆಸರು ಹೇಳಿ ಎಂದು ಒತ್ತಾಯಿಸಿದರೆ ಎರಡು ಹೇಳಬಲ್ಲೆ. ಕೊಡಗಿನ ತೋಟದ ನಂಟಿರುವ ಮೇವರಿಕ್ ಅಂಡ್ ಫಾರ್ಮರ್, ಮತ್ತು ಇಂದಿರಾನಗರದಲ್ಲಿ 2021ರಲ್ಲಿ ತೆರೆದ ಅರಕು. ಅರಕು ಆಂಧ್ರದ ಅರಕು ಕಣಿವೆಯ ಆದಿವಾಸಿ ರೈತರ ಬೀಜದ್ದು, ಬೆಂಗಳೂರಿಗೆ ಬರುವ ಮೊದಲೇ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದಿದ್ದರು. ಕರ್ನಾಟಕದ ಬೀಜದ ಪಕ್ಕ ಅದನ್ನು ಕುಡಿದು ನೋಡಿದರೆ ಹೋಲಿಕೆ ಚೆನ್ನಾಗಿ ಸಿಗುತ್ತದೆ. ಆದರೆ ಈ ಊರಿನಲ್ಲಿ ಕೆಫೆಗಳು ಮುಚ್ಚುವುದು, ಜಾಗ ಬದಲಿಸುವುದು ದಿನದ ಮಾತು. ಹೆಸರಿನ ಪಟ್ಟಿಗಿಂತ ಮೇಲೆ ಹೇಳಿದ ಗುರುತುಗಳನ್ನು ನಂಬಿ.

ದೊಡ್ಡ ಸರಪಳಿ ಅಂಗಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1996ರಲ್ಲಿ ಬ್ರಿಗೇಡ್ ರೋಡಿನಲ್ಲಿ ಮೊದಲ ಕಾಫಿ ಡೇ ತೆರೆದಾಗ ಅದೂ ಒಂದೇ ಅಂಗಡಿ. ಥರ್ಡ್ ವೇವ್ 2016ರಲ್ಲಿ ಬೆಂಗಳೂರಿನಲ್ಲೇ ಶುರುವಾಗಿ ಈಗ ಊರೂರಲ್ಲಿದೆ. ಎಲ್ಲ ಕಡೆ ಒಂದೇ ರುಚಿ ಸಿಗಲಿ ಅನ್ನುವುದೇ ಅವರ ವ್ಯವಹಾರ. ಶೌಚಾಲಯ, ಚಾರ್ಜಿಂಗ್, ಎ.ಸಿ. ಬೇಕಾದಾಗ ಹೋಗಿ, ತಪ್ಪೇನಿಲ್ಲ.

ಯಾರ ಜೊತೆ ಎಲ್ಲಿಗೆ

ಅತ್ತೆ ಮಾವನನ್ನು ಕರೆದುಕೊಂಡು ಹೋಗುವುದಾದರೆ ಬಸವನಗುಡಿ, ಬೆಳಗಿನ ಹೊತ್ತು. ನಿಂತು ಕುಡಿಯಲು ಕಾಲು ನೋವಾದರೆ ಏರ್‌ಲೈನ್ಸ್. ಸಂದರ್ಶನಕ್ಕೆಂದು ಬಂದು ಎರಡು ಗಂಟೆ ಕಳೆಯಬೇಕಿದ್ದರೆ ಕಾಫಿ ಹೌಸ್. ಕಾಲೇಜಿಗೆ ಹೋಗುವ ಮಗಳು "ಅಪ್ಪಾ, ಪೋರ್‌ಓವರ್ ಕುಡಿಯೋಣ" ಅಂದರೆ ವಾರದ ದಿನ ಬೆಳಿಗ್ಗೆ ಹೋಗಿ. ಶನಿವಾರ ಭಾನುವಾರ ಆ ಕೆಫೆಗಳಲ್ಲಿ ಆರ್ಡರ್ ರಾಶಿ ಬಿದ್ದಿರುತ್ತದೆ. ಪೋರ್‌ಓವರ್ ಮಾಡುವವನಿಗೆ ಅರ್ಧ ನಿಮಿಷ ಕಾಯುವಷ್ಟೂ ವ್ಯವಧಾನ ಇರುವುದಿಲ್ಲ. ನೆಂಟರು ಕಾರಿನಲ್ಲಿ ಬಂದು ಕೃಷ್ಣಗಿರಿ ಕಡೆ ಹೊರಟಿದ್ದರೆ ಬೆಂಗಳೂರಿನ ಮಾತೇ ಎತ್ತಬೇಡಿ, ಹೆದ್ದಾರಿಯಲ್ಲಿ ನಿಲ್ಲಿಸಿ.

ವಾಪಸು ಬರುವಾಗ ಪುಡಿ ತರುವವರಿಗೆ ಒಂದೆರಡು ಮಾತು. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು ಎಂಬುದು ನಿಯಮ. ಅಂದರೆ ಹೆಚ್ಚುಕಮ್ಮಿ ಅರ್ಧ ಚಿಕೋರಿ ಇದ್ದರೂ ಕಾನೂನಿನ ಪ್ರಕಾರ ಸರಿಯೇ. ಸಣ್ಣ ಅಕ್ಷರ ಓದಿ ತಗೊಳ್ಳಿ. ಕಣ್ಣೆದುರು ಹುರಿದು ಪುಡಿ ಮಾಡಿಕೊಡುವ ಪುಡಿ ಅಂಗಡಿಯಲ್ಲಾದರೆ 80:20 (ಕಾಫಿ 80, ಚಿಕೋರಿ 20) ಎಂದು ಬಾಯಿಬಿಟ್ಟು ಹೇಳಿ, ಪೀಬರಿ (ಹಣ್ಣಿಗೆ ಒಂದೇ ಇರುವ ದುಂಡು ಬೀಜ) ಜೊತೆ ಸ್ವಲ್ಪ ರೋಬಸ್ಟಾ ಸೇರಿಸಲು ಹೇಳಿದರೆ ಹಾಲಿಗೆ ತಡೆಯುತ್ತದೆ. ಹೊಸ ಕೆಫೆಯಿಂದ ತರುವುದಾದರೆ "ಸೌತ್ ಇಂಡಿಯನ್ ಫಿಲ್ಟರ್‌ಗೆ" ಎಂದು ಹೇಳಿ ಪುಡಿ ಮಾಡಿಸಿ, ಸ್ವಲ್ಪ ಹೆಚ್ಚು ಹುರಿದ ಬೀಜ ಕೇಳಿ. ಕಡಿಮೆ ಹುರಿದದ್ದು ಹಾಲು ಬಿದ್ದ ಕೂಡಲೇ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಕಾಲು ಕಿಲೊಗಿಂತ ಜಾಸ್ತಿ ತರಬೇಡಿ. ಮನೆಯಲ್ಲಿ ಬೋರ್‌ವೆಲ್ ನೀರಿದ್ದರೆ ಡಿಕಾಕ್ಷನ್‌ಗೆ ಹೊಗೇನಕಲ್ ನೀರು ಬರುವ ನಲ್ಲಿಯದ್ದನ್ನೇ ಬಳಸಿ. ಗಡಸು ನೀರಿನಲ್ಲಿ ಎಂಥ ಬೀಜವಾದರೂ ಸಪ್ಪೆ.